ಬೈಕಿನ ಇಂಜಿನ್ ಆಯಿಲ್ ಸೋರಿಕೆ: ಮನೆಯಲ್ಲೇ ಸರಿಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗುಬ್ಬಿ ಹತ್ತಿರದ ನಮ್ಮೂರಿನಲ್ಲಿ ಅಪ್ಪನ ಸ್ಪ್ಲೆಂಡರ್ ಇದೆ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್, ಆಮೇಲೆ ತೋಟ, ಕೆಲಸ ಬಿದ್ದರೆ ತುಮಕೂರು. ಒಂದು ದಿನ ಅದರ ಕೆಳಗೆ ಎಣ್ಣೆ ಹನಿ ಕಾಣಿಸಿತು. ತೋರಿಸಿದ ಕಡೆ, "ಇಂಜಿನ್ ಇಳಿಸಬೇಕು, ಜಾಸ್ತಿ ಖರ್ಚಾಗುತ್ತೆ" ಅಂದರು. ಅಪ್ಪ ಗಾಡಿ ಮಾರಿಬಿಡೋಣ ಅನ್ನುವವರೆಗೂ ಹೋದರು. ಕೊನೆಗೆ ನಾನೇ ತೊಳೆದು ನೋಡಿದೆ. ಸೋರುತ್ತಿದ್ದದ್ದು ಗೇರ್ ಶಾಫ್ಟಿನ ಆಯಿಲ್ ಸೀಲ್. ಉಂಗುರದ ಹಾಗಿರುವ ಒಂದು ಸಣ್ಣ ರಬ್ಬರ್. ಅದನ್ನು ಬದಲಿಸಲು ಇಂಜಿನ್ ಇಳಿಸುವುದು ಬೇಕಾಗಲೇ ಇಲ್ಲ.

ಅವತ್ತಿನಿಂದ ನೆಂಟರು, ತುಮಕೂರಿನ ಬಟವಾಡಿಯಲ್ಲಿ ನಾನಿರುವ ಬೀದಿಯ ಹುಡುಗರು, ಎಲ್ಲರೂ ಇದೇ ವಿಷಯ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಉತ್ತರಗಳು ಮುಖ್ಯವಾಗಿ 100ರಿಂದ 150 ಸಿಸಿಯ, ಗಾಳಿಗೆ ತಣಿಯುವ ಇಂಜಿನ್ ಇರುವ ಗಾಡಿಗಳಿಗೆ. ವಾರಂಟಿ ಇನ್ನೂ ಇದ್ದರೆ ನೀವು ಏನನ್ನೂ ಬಿಚ್ಚಬೇಡಿ, ಶೋರೂಮಿಗೆ ಕೊಡಿ.

ಗಾಡಿ ಕೆಳಗೆ ಎಣ್ಣೆ ಹನಿ ಬಿದ್ದಿದೆ. ಇಂಜಿನ್ ಹೋಯ್ತಾ?

ಇಲ್ಲ. ಇಂಜಿನ್ ಒಳಗೆ ಎಣ್ಣೆ ಸುತ್ತುತ್ತಲೇ ಇರುತ್ತದೆ. ಎರಡು ಲೋಹದ ಭಾಗ ಸೇರುವ ಕಡೆ ಪ್ಯಾಕಿಂಗ್, ಅಂದರೆ ಸಂದಿ ಮುಚ್ಚುವ ತೆಳ್ಳನೆ ಹಾಳೆ ಇರುತ್ತದೆ. ತಿರುಗುವ ಶಾಫ್ಟ್ ಹೊರಗೆ ಬರುವ ಕಡೆ ಆಯಿಲ್ ಸೀಲ್ ಇರುತ್ತದೆ. ಮುಚ್ಚಳಗಳಿಗೆ ಓ-ರಿಂಗ್ ಅನ್ನುವ ರಬ್ಬರ್ ಬಳೆ, ಆಯಿಲ್ ಬಸಿಯುವ ಡ್ರೈನ್ ನಟ್ಟಿಗೆ ವಾಷರ್. ಇವೆಲ್ಲ ಸವೆಯುವ ಸಾಮಾನುಗಳೇ. ವರ್ಷಗಟ್ಟಲೆ ಬಿಸಿಯಾಗಿ, ತಣ್ಣಗಾಗಿ ರಬ್ಬರ್ ಗಟ್ಟಿಯಾಗುತ್ತದೆ, ಪ್ಯಾಕಿಂಗ್ ಒಣಗುತ್ತದೆ. ಶಿರಾ, ಪಾವಗಡದ ಕಡೆ ಬೇಸಿಗೆಯಲ್ಲಿ ದಿನವೂ ಓಡುವ ಗಾಡಿಗೆ ಬಿಸಿಲು, ಧೂಳು ಎರಡೂ ತಾಗುತ್ತವೆ. ಸೀಲಿನ ತುಟಿಗೆ (ಶಾಫ್ಟಿಗೆ ತಾಗುವ ಒಳ ಅಂಚಿಗೆ) ಧೂಳು ಕೂತರೆ ಅದು ಬೇಗ ಸವೆಯುತ್ತದೆ.

ಸೋರಿಕೆ ಬಹಳ ಸಲ ಇಂಜಿನ್ನಿನ ಅಂಚಿನಲ್ಲಿರುತ್ತದೆ, ಹೊಟ್ಟೆಯೊಳಗೆ ಅಲ್ಲ. ಈ ಒಂದು ಮಾತು ತಲೆಯಲ್ಲಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಸರಿಮಾಡುವವರೆಗೆ ಓಡಿಸಬಹುದಾ?

ಎಣ್ಣೆ ಎಷ್ಟು ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಅನ್ನುವುದರ ಮೇಲಿದೆ. ಕವರಿನ ಅಂಚು ಸುಮ್ನೆ ಬೆವರಿದ ಹಾಗಿದ್ದು, ಮೇಲೆ ಧೂಳು ಅಂಟಿಕೊಂಡಿದ್ದರೆ ಅವಸರವಿಲ್ಲ. ವಾರಕ್ಕೊಮ್ಮೆ ಲೆವೆಲ್ ನೋಡುತ್ತಾ ಓಡಿಸಬಹುದು. ರಾತ್ರಿ ನಿಲ್ಲಿಸಿದ ಕಡೆ ಹನಿ ಬಿದ್ದಿದ್ದರೆ ಅದೇ ವಾರ ಕೆಲಸಕ್ಕೆ ಕೈ ಹಾಕಿ. ಹಿಂದಿನ ಟೈರಿಗೆ ಅಥವಾ ಬ್ರೇಕಿಗೆ ಎಣ್ಣೆ ಸಿಡಿಯುತ್ತಿದ್ದರೆ ಒಂದು ಕಿಲೋಮೀಟರ್ ಕೂಡ ಬೇಡ. ತಿರುವಿನಲ್ಲಿ ಟೈರ್ ಜಾರಿದರೆ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆ ಬರುತ್ತಿದ್ದರೂ ನಿಲ್ಲಿಸಿ.

ಲೆವೆಲ್ ನೋಡುವ ಕ್ರಮವನ್ನೇ ಎಷ್ಟೋ ಜನ ತಪ್ಪು ಮಾಡುತ್ತಾರೆ. ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಇಂಜಿನ್ ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಮತ್ತೆರಡು ಮೂರು ನಿಮಿಷ ಬಿಡಿ. ಡಿಪ್ ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಒರೆಸಿ ಇಳಿಬಿಡಿ. ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಅದನ್ನು ತಿರುಗಿಸಿ ಬಿಗಿ ಮಾಡದೆ ಸುಮ್ನೆ ಕೂರಿಸಿ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಲೆವೆಲ್ ನಂಬಬೇಡಿ.

ಎಲ್ಲಿಂದ ಸೋರುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಬಿಚ್ಚುವುದು, ಕಟ್ಟುವುದು ಕೈಯ ಕೆಲಸ. ಜಾಗ ಹುಡುಕುವುದು ಕಣ್ಣಿನ ಕೆಲಸ. ಅದಕ್ಕೆ ಎರಡು ದಿನ ಹಿಡಿದರೂ ಬೇಸರ ಬೇಡ.

ಎಣ್ಣೆ ಸೋರಿದ ಜಾಗದಲ್ಲೇ ಹನಿಯುವುದಿಲ್ಲ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ತಾನಾಗಿ ಅದು ಕೆಳಗೆ ಇಳಿಯುತ್ತದೆ. ಕೊನೆಗೆ ಇಂಜಿನ್ನಿನ ತಳದಲ್ಲಿರುವ ಡ್ರೈನ್ ನಟ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ. ನೋಡಿದವರು ಡ್ರೈನ್ ನಟ್ಟೇ ಲೀಕು ಅಂದುಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಥ್ರೆಡ್ ಹೋಗುತ್ತದೆ. ಒಂದು ತೊಂದರೆ ಎರಡಾಗುತ್ತದೆ.

ಮೊದಲು ತೊಳೆಯಿರಿ. ಇಂಜಿನ್ ತಣ್ಣಗಿರಲಿ. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಹಳೇ ಬ್ರಷ್ ಅದ್ದಿ ಉಜ್ಜಿ. ಪೆಟ್ರೋಲ್ ಬೇಡವೇ ಬೇಡ, ಒಂದು ಕಿಡಿ ಸಾಕು. ಗಟ್ಟಿ ಕೊಳೆಗೆ ನಾನು ತೆಂಗಿನ ನಾರು ಬಳಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ, ಅಲ್ವಾ? ಲೋಹಕ್ಕೆ ಗೀರು ಬೀಳುವುದಿಲ್ಲ, ಸಂದಿಯೊಳಗೂ ಹೋಗುತ್ತದೆ. ಆಮೇಲೆ ಸೋಪಿನ ನೀರು, ಒಣ ಬಟ್ಟೆ. ನೀರು ಜೋರಾಗಿ ಹೊಡೆಯಬೇಡಿ, ವೈರಿಂಗ್ ಮತ್ತು ಏರ್ ಫಿಲ್ಟರ್ ಹತ್ತಿರ ಹುಷಾರು.

ಪೂರ್ತಿ ಒಣಗಿದ ಮೇಲೆ ಅನುಮಾನ ಇರುವ ಕಡೆಗಳಿಗೆ ಮುಖದ ಪೌಡರ್ ಉದುರಿಸಿ. ಸೀಮೆಸುಣ್ಣದ ಪುಡಿಯೂ ನಡೆಯುತ್ತದೆ. ಇಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿಸಿ, ಟಾರ್ಚ್ ಹಿಡಿದು ನೋಡಿ. ಬಯಲಲ್ಲೇ ಓಡಿಸಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ತುಂಬಿಕೊಳ್ಳುತ್ತದೆ. ಬಿಳಿ ಪುಡಿಯಲ್ಲಿ ಮೊದಲು ಒದ್ದೆಯಾದ ಜಾಗವೇ ನಿಮ್ಮ ಸೋರಿಕೆ. ಏನೂ ಕಾಣದಿದ್ದರೆ ಒಂದೆರಡು ಕಿಲೋಮೀಟರ್ ನಿಧಾನವಾಗಿ ಹೋಗಿ ಬಂದು ಮತ್ತೆ ನೋಡಿ. ರಾತ್ರಿ ಗಾಡಿ ಕೆಳಗೆ ಹಳೇ ನ್ಯೂಸ್ ಪೇಪರ್ ಹಾಸಿ, ಎರಡು ಚಕ್ರದ ಜಾಗ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿ ಎಡಕ್ಕಿದೆಯೋ ಬಲಕ್ಕಿದೆಯೋ ಅನ್ನುವುದು ಸರಿಯಾಗಿ ಗೊತ್ತಾಗುತ್ತದೆ.

ಎಡಗಡೆ, ಚೈನ್ ಹತ್ತಿರ ಇದ್ದರೆ ಗೇರ್ ಶಾಫ್ಟ್ ಸೀಲ್ ಅಥವಾ ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂದಿನ ಸೀಲ್. ಬಲಗಡೆ ಇದ್ದರೆ ಕ್ಲಚ್ ಕವರ್ ಪ್ಯಾಕಿಂಗ್ ಅಥವಾ ಕಿಕ್ ಶಾಫ್ಟ್ ಸೀಲ್. ಮೇಲಿಂದ ಇಳಿದಿದ್ದರೆ ಟ್ಯಾಪೆಟ್ ಮುಚ್ಚಳದ (ವಾಲ್ವುಗಳ ಹತ್ತಿರದ ಸಣ್ಣ ಮುಚ್ಚಳ) ಓ-ರಿಂಗ್ ಅಥವಾ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ. ಎಲ್ಲ ಕಡೆಗಿಂತ ಮೇಲಿರುವ ಒದ್ದೆ ಜಾಗವನ್ನು ಮೊದಲು ಸರಿಮಾಡಿ. ಕೆಳಗಿನದು ಎಷ್ಟೋ ಸಲ ಅದರ ಹರಿವೇ ಆಗಿರುತ್ತದೆ.

ಸೋರಿಕೆಯೇ ಅಲ್ಲದಿರುವ ಸಾಧ್ಯತೆ ಇದೆಯಾ?

ಇದೆ. ಚೈನಿಗೆ ಜಾಸ್ತಿ ಆಯಿಲ್ ಹಾಕಿದ್ದರೆ ಅದು ಸ್ಪ್ರಾಕೆಟ್ ಕವರಿನಿಂದ ಕಪ್ಪಗೆ ಇಳಿಯುತ್ತದೆ. ಮುಂದಿನ ಫೋರ್ಕಿನ ಎಣ್ಣೆ ಗಾಳಿಗೆ ಹಾರಿ ಇಂಜಿನ್ ಮುಂಭಾಗಕ್ಕೆ ಅಂಟುತ್ತದೆ. ಇಂಜಿನ್ನಿಗೆ ಅಳತೆ ಮೀರಿ ಆಯಿಲ್ ತುಂಬಿದ್ದರೆ, ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಿಗೆ ಬಂದು ಅಲ್ಲಿಂದ ಹನಿಯುತ್ತದೆ. ಅದಕ್ಕೆ ಮದ್ದು ಜಾಸ್ತಿ ಇರುವ ಆಯಿಲ್ ತೆಗೆಯುವುದು, ಅಷ್ಟೇ.

ಇನ್ನೊಂದನ್ನು ಕಡೆಗಣಿಸಬೇಡಿ. ಡಿಪ್ ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು, ಲೆವೆಲ್ ತಾನಾಗಿಯೇ ಏರಿದ್ದರೆ, ಕಾರ್ಬುರೇಟರ್ ಇರುವ ಗಾಡಿಯಲ್ಲಿ ಅದರ ನೀಡಲ್ ಸರಿಯಾಗಿ ಮುಚ್ಚದೆ ಪೆಟ್ರೋಲ್ ಒಳಗೆ ಇಳಿಯುತ್ತಿದೆ ಅಂತ ಅರ್ಥ. ಎಣ್ಣೆ ತೆಳ್ಳಗಾಗಿ ಎಲ್ಲ ಸಂದಿಯಿಂದಲೂ ಬರುತ್ತದೆ. ಮೊದಲು ಕಾರ್ಬುರೇಟರ್ ಸರಿಮಾಡಿ, ಆಯಿಲ್ ಬದಲಿಸಿ, ಆಮೇಲೆ ಸೀಲಿನ ಮಾತು.

ಏನೇನು ಟೂಲ್ಸ್ ಬೇಕು?

8 ಮತ್ತು 10 ನಂಬರಿನ ಟಿ-ಸ್ಪಾನರ್, ರಿಂಗ್ ಸ್ಪಾನರ್ ಸೆಟ್ (ಡ್ರೈನ್ ನಟ್ಟಿಗೆ 17 ಸಾಮಾನ್ಯ, ನಿಮ್ಮ ಗಾಡಿಗೆ ಯಾವುದು ಅಂತ ನೋಡಿಕೊಳ್ಳಿ), ಒಳ್ಳೆಯ ಸ್ಕ್ರೂ ಡ್ರೈವರ್, ಪ್ಲಾಸ್ಟಿಕ್ ಅಥವಾ ಮರದ ಸುತ್ತಿಗೆ, ಅಗಲವಾದ ಹಳೇ ಟಬ್ಬು, ಬಟ್ಟೆ ತುಂಡುಗಳು. ಹಳೇ ಗಾಡಿಯ ಕವರಿಗೆ ಪ್ಲಸ್ ಸ್ಕ್ರೂ ಇದ್ದರೆ ಇಂಪ್ಯಾಕ್ಟ್ ಡ್ರೈವರ್ ಬೇಕಾಗುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಸ್ಕ್ರೂ ಡ್ರೈವರ್ ಅದು. ಅದಿಲ್ಲದೆ ತಿರುವಿದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ.

ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪಾನರ್) ಇದ್ದರೆ ತುಂಬ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಆದರೆ ಕೈ ಬಿಗಿ ಹಿಡಿತದಲ್ಲಿರಬೇಕು. 8 ನಂಬರ್ ಸ್ಪಾನರ್ ಹಿಡಿಯುವ ಕವರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. ಬೆರಳಿನಲ್ಲಿ ಸ್ಪಾನರ್ ಹಿಡಿದು ಮಣಿಕಟ್ಟು ತಿರುಗಿಸಿದಷ್ಟು. ತೋಳಿನ ಬಲ ಹಾಕುವ ಜಾಗವೇ ಅಲ್ಲ.

ಡ್ರೈನ್ ನಟ್ಟಿನಿಂದಲೇ ಸೋರುತ್ತಿದ್ದರೆ?

ವಾಷರ್ ಬದಲಿಸಿ. ಹೆಚ್ಚೆಂದರೆ ಹತ್ತಿಪ್ಪತ್ತು ರೂಪಾಯಿ. ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಹೊಸದು ಹಾಕುವುದು ಒಳ್ಳೆಯ ಅಭ್ಯಾಸ. ನಟ್ಟನ್ನು ಮೊದಲು ಕೈಯಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿ. ಸಲೀಸಾಗಿ ಹೋದರೆ ಮಾತ್ರ ಸ್ಪಾನರ್ ಹಾಕಿ.

ಗೇರ್ ಶಾಫ್ಟಿನ ಆಯಿಲ್ ಸೀಲ್ ಬದಲಿಸುವುದು ಹೇಗೆ?

ಅಪ್ಪನ ಗಾಡಿಗೆ ಮಾಡಿದ್ದು ಇದನ್ನೇ. ಗೇರ್ ಲಿವರ್ ಎಲ್ಲಿ ಕೂತಿದೆ ಅಂತ ಶಾಫ್ಟ್ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿ. ಲಿವರಿನ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಿರಿ, ಅದು ಶಾಫ್ಟಿನ ಕಚ್ಚಿನಲ್ಲಿ ಕೂತಿರುತ್ತದೆ. ಸಡಿಲ ಮಾಡಿ ಎಳೆದರೆ ಬರುವುದಿಲ್ಲ. ಆಮೇಲೆ ಸ್ಪ್ರಾಕೆಟ್ ಕವರ್. ಒಳಗೆ ಮಣ್ಣು, ಚೈನ್ ಆಯಿಲ್ ಸೇರಿ ಕೆಸರಿನಂತೆ ಇರುತ್ತದೆ. ಪೂರ್ತಿ ತೆಗೆದು ಒರೆಸಿದರೆ ಶಾಫ್ಟಿನ ಸುತ್ತ ಕಪ್ಪು ಉಂಗುರ ಕಾಣುತ್ತದೆ.

ಸೀಲಿನ ಮೇಲೆ ಮೂರು ಸಂಖ್ಯೆ ಅಚ್ಚಾಗಿರುತ್ತವೆ. ಮೊದಲನೆಯದು ಒಳ ಅಳತೆ, ಎರಡನೆಯದು ಹೊರ ಅಳತೆ, ಮೂರನೆಯದು ದಪ್ಪ. ಎಲ್ಲವೂ ಮಿಲಿಮೀಟರಿನಲ್ಲಿ. ಫೋಟೋ ತೆಗೆದುಕೊಂಡು ಬಿಡಿಭಾಗದ ಅಂಗಡಿಗೆ ಹೋಗಿ. ಗಾಡಿಯ ಹೆಸರು, ವರ್ಷ ಎರಡೂ ಹೇಳಿ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಸಾಮಾನು ಬದಲಾಗಿರುತ್ತದೆ. ಸ್ಪ್ಲೆಂಡರ್ 1994ರಿಂದ ರಸ್ತೆಯಲ್ಲಿದೆ, ನೋಡಿ.

ಹಳೆಯದನ್ನು ಎಬ್ಬಿಸುವುದೇ ಕಷ್ಟದ ಘಟ್ಟ. ಸಣ್ಣ ಚಪ್ಪಟೆ ಸ್ಕ್ರೂ ಡ್ರೈವರಿನ ತುದಿಗೆ ಟೇಪ್ ಸುತ್ತಿ, ಹೊರ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಮೀಟಿ. ಶಾಫ್ಟಿಗೆ ಗೀರು ಬೀಳಬಾರದು. ಬಿದ್ದರೆ ಹೊಸ ಸೀಲೂ ಸೋರುತ್ತದೆ. ಹೊಸ ಸೀಲಿನ ಒಳತುಟಿಗೆ ಎಣ್ಣೆ ಸವರಿ. ಸಣ್ಣ ಸ್ಪ್ರಿಂಗ್ ಕಾಣುವ ಮುಖ ಇಂಜಿನ್ ಕಡೆಗೆ ಇರಬೇಕು. ಶಾಫ್ಟಿನ ಹಲ್ಲುಗಳು ತುಟಿಯನ್ನು ಕತ್ತರಿಸದಂತೆ ಅವುಗಳ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಸುತ್ತಿ, ಅದರ ಮೇಲಿಂದ ಜಾರಿಸಿ. ಸೀಲಿನ ಹೊರ ಅಳತೆಗೆ ಹೊಂದುವ ಬಾಕ್ಸ್ ಸ್ಪಾನರ್ ಅಥವಾ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ. ವಾರೆಯಾದರೆ ತೆಗೆದು ಮತ್ತೆ ಕೂರಿಸಿ. ಹಳೆಯದು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಹೋಗಲಿ.

ನನಗೆ ಮೊದಲ ಸಲ ಮೂರು ಗಂಟೆ ಹಿಡಿಯಿತು. ಅದರಲ್ಲಿ ಎರಡು ಗಂಟೆ ಕೆಸರು ತೆಗೆಯಲು.

ಕ್ಲಚ್ ಕವರ್ ಬಿಚ್ಚಲು ಭಯ. ನನ್ನಿಂದ ಆಗುತ್ತದಾ?

ಆಗುತ್ತದೆ. ಒಳಗೆ ಹಲ್ಲಿನ ಚಕ್ರಗಳು ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ನೀವು ಅವುಗಳನ್ನು ಮುಟ್ಟುತ್ತಲೇ ಇಲ್ಲ. ಮುಚ್ಚಳ ತೆಗೆದು, ಪ್ಯಾಕಿಂಗ್ ಬದಲಿಸಿ, ಮುಚ್ಚಳ ಹಾಕುತ್ತಿದ್ದೀರಿ.

ಶನಿವಾರ ಬೆಳಿಗ್ಗೆ ಶುರು ಮಾಡಿ. ಮಧ್ಯದಲ್ಲಿ ಏನಾದರೂ ಬೇಕಾದರೆ ಅಂಗಡಿ ತೆರೆದಿರುತ್ತದೆ. ಹೊಸ ಪ್ಯಾಕಿಂಗ್ ಕೈಗೆ ಬರುವ ಮೊದಲು ಒಂದು ಬೋಲ್ಟನ್ನೂ ಮುಟ್ಟಬೇಡಿ. ಕಿಕ್ ಶಾಫ್ಟ್ ಸೀಲನ್ನೂ ಜೊತೆಗೇ ತನ್ನಿ, ಕವರ್ ತೆಗೆದಾಗ ಅದನ್ನು ಬದಲಿಸುವುದು ಸುಲಭ.

ಆಯಿಲ್ ಬಸಿಯಿರಿ. ಉಗುರು ಬೆಚ್ಚಗಿದ್ದರೆ ಬೇಗ ಇಳಿಯುತ್ತದೆ, ಸುಡುವಷ್ಟು ಬಿಸಿ ಇರಬಾರದು. ಕಿಕ್ಕರ್, ಫುಟ್ ರೆಸ್ಟ್, ಕ್ಲಚ್ ಕೇಬಲ್ ತೆಗೆಯಿರಿ. ಕೆಲವು ಗಾಡಿಯಲ್ಲಿ ಸೈಲೆನ್ಸರ್ ಕೂಡ ಬಿಚ್ಚಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಇರಲಿ. ಕವರ್ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿತ್ತೋ ಅಲ್ಲೇ ತೂತು ಮಾಡಿ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ತಿರುಗಿಸಿದರೆ ಇಂಜಿನ್ ಗೋಡೆ ಬಿರಿಯುತ್ತದೆ. ವಾಷರ್, ಸಣ್ಣ ಸಾಮಾನುಗಳಿಗೆ ತೆಂಗಿನ ಕರಟ ಸಾಕು.

ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಎಲ್ಲ ತೆಗೆದ ಮೇಲೂ ಕವರ್ ಅಂಟಿಕೊಂಡಿರುತ್ತದೆ. ಮರದ ಸುತ್ತಿಗೆಯಲ್ಲಿ ಅಂಚಿಗೆ ತಟ್ಟಿ. ಸಂದಿಗೆ ಸ್ಕ್ರೂ ಡ್ರೈವರ್ ತುರುಕಿ ಮೀಟಲೇಬೇಡಿ. ಆ ಮೃದು ಅಲ್ಯೂಮಿನಿಯಂ ಮುಖಕ್ಕೆ ಒಂದು ಗಾಯವಾದರೆ ಅಲ್ಲಿಂದಲೇ ಮುಂದಿನ ಸೋರಿಕೆ. ಕವರ್ ಎಳೆಯುವಾಗ ಕಿಕ್ ಶಾಫ್ಟ್ ಜೊತೆಗೆ ಬಾರದಂತೆ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡು ಟೊಳ್ಳು ಪಿನ್ನು ಕವರಿನಲ್ಲೋ ಇಂಜಿನ್ನಿನಲ್ಲೋ ಉಳಿದಿರುತ್ತವೆ. ಎರಡೂ ಇವೆಯೇ ಅಂತ ಎಣಿಸಿ.

ಇನ್ನು ತಾಳ್ಮೆಯ ಕೆಲಸ. ಹಳೇ ಪ್ಯಾಕಿಂಗ್ ಚೂರೂ ಉಳಿಯಬಾರದು. ಕ್ಲಚ್ ಮೇಲೆ ಒದ್ದೆ ಬಟ್ಟೆ ಹೊದಿಸಿ, ಚೂರು ಒಳಗೆ ಬೀಳದಿರಲಿ. ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆಯಿರಿ. ಬಗ್ಗದಿದ್ದರೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಬ್ಲೇಡ್ ಬಳಸಿದರೆ ಚಪ್ಪಟೆಯಾಗಿ ಹಿಡಿಯಿರಿ. ಉಜ್ಜು ಕಾಗದ ಮುಟ್ಟಬೇಡಿ, ಮುಖ ಏರುಪೇರಾಗುತ್ತದೆ, ಪುಡಿ ಒಳಗೆ ಬೀಳುತ್ತದೆ.

ಹೊಸ ಪ್ಯಾಕಿಂಗ್ ಪಿನ್ನಿನ ಮೇಲೆ ಕೂರಿಸಿ. ಏನೂ ಹಚ್ಚದೆಯೇ ಹಾಕಬಹುದು, ತೆಳ್ಳಗೆ ಗ್ರೀಸ್ ಸವರಿದರೆ ಜಾರುವುದಿಲ್ಲ. ಕವರ್ ಕೈಯಲ್ಲಿ ಒತ್ತಿದರೆ ಪೂರ್ತಿ ಕೂರಬೇಕು. ಕೂರದಿದ್ದರೆ ಬೋಲ್ಟಿನಿಂದ ಎಳೆಯಬೇಡಿ. ಒಳಗೆ ಏನೋ ತಡೆಯುತ್ತಿದೆ, ತೆಗೆದು ನೋಡಿ. ಬಿಗಿ ಮಾಡುವಾಗಲೂ ಎದುರುಬದುರು, ಎರಡು ಮೂರು ಸುತ್ತಿನಲ್ಲಿ.

ಎಡಗಡೆಯ ಮ್ಯಾಗ್ನೆಟ್ ಕವರಿಗೂ ಇದೇ ಕ್ರಮ. ಅಲ್ಲಿ ಅಯಸ್ಕಾಂತ ಕವರನ್ನು ಫಟ್ಟನೆ ಎಳೆದುಕೊಳ್ಳುತ್ತದೆ. ಬೆರಳು ಅಂಚಿನಲ್ಲಿ ಇಡಬೇಡಿ.

ಹೊರಗಿನಿಂದ ಅನಾಬಾಂಡ್ (ಸಿಲಿಕಾನ್ ಅಂಟು) ಅಥವಾ ಎಂ-ಸೀಲ್ ಹಚ್ಚಿದರೆ ಸಾಲದಾ?

ಸಾಲದು. ಎಣ್ಣೆ ಒಳಗಿಂದ ತಳ್ಳುತ್ತಿರುತ್ತದೆ, ಹೊರಗೆ ಹಚ್ಚಿದ್ದು ಎದ್ದು ಬರುತ್ತದೆ. ಎಣ್ಣೆ ಪಸೆ ಇರುವ ಲೋಹಕ್ಕೆ ಯಾವ ಅಂಟೂ ಕೂರುವುದಿಲ್ಲ. ಕಾಗದದ ಪ್ಯಾಕಿಂಗ್ ಇರುವ ಕಡೆ ಸಿಲಿಕಾನ್ ಬೇಕಾಗುವುದೂ ಇಲ್ಲ. ಜಾಸ್ತಿ ಹಚ್ಚಿದರೆ ಒಳಕ್ಕೆ ಹಿಂಡಿಕೊಂಡು, ಕಳಚಿ, ಆಯಿಲ್ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಆಗ ಇಂಜಿನ್ನಿಗೆ ಎಣ್ಣೆಯೇ ಹೋಗದೆ ನಿಜವಾದ ದೊಡ್ಡ ಕೆಲಸ ಬರುತ್ತದೆ. ಸೋರಿಕೆಗಿಂತ ನನಗೆ ಇದರ ಭಯವೇ ಜಾಸ್ತಿ. ಲೋಹಕ್ಕೆ ಗಾಯವಾಗಿರುವ ಕಡೆ ಮಾತ್ರ, ಅಕ್ಕಿ ಕಾಳಿಗಿಂತ ಸಣ್ಣ ಗೆರೆ ಎಳೆದು, ಒಂದು ರಾತ್ರಿ ಒಣಗಲು ಬಿಡಿ.

ಟ್ಯಾಪೆಟ್ ಮುಚ್ಚಳ?

ಓ-ರಿಂಗ್ ಬದಲಿಸಿ, ಮುಚ್ಚಳ ಹಾಕಿ. ಹದಿನೈದು ನಿಮಿಷ. ಕೈ ಪಳಗಲು ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ಇಲ್ಲ.

ದಪ್ಪ ಆಯಿಲ್ ಹಾಕಿದರೆ ಸೋರಿಕೆ ನಿಲ್ಲುತ್ತದಾ? ಕಾರಿನ ಆಯಿಲ್ ನಡೆಯುತ್ತದಾ?

ಎರಡೂ ಬೇಡ. ಕಂಪನಿ ಹೇಳಿದ ಗ್ರೇಡೇ ಹಾಕಿ. ಸ್ಪ್ಲೆಂಡರಿಗೆ 10ಡಬ್ಲ್ಯು-30, ಪಲ್ಸರ್ 150ಕ್ಕೆ 20ಡಬ್ಲ್ಯು-50. ನಿಮ್ಮ ಗಾಡಿಯದು ಓನರ್ಸ್ ಪುಸ್ತಕದಲ್ಲಿ ಇರುತ್ತದೆ, ಎಷ್ಟು ಎಂಎಲ್ ಅನ್ನುವುದೂ ಅಲ್ಲೇ. ನಮ್ಮ ಬೈಕುಗಳ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಇರುವುದರಿಂದ ಕ್ಲಚ್ ಜಾರುತ್ತದೆ. ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್ಚಿಗೆ ಹೊಂದುತ್ತದೆ ಅನ್ನುವ ಗುರುತು) ಅಂತ ಇದೆಯೇ ನೋಡಿ.

ಯಾವುದಕ್ಕೆ ಮನೆಯಲ್ಲಿ ಕೈ ಹಾಕಬಾರದು?

ಹೆಡ್ ಪ್ಯಾಕಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಕೆಳಗಿನ ಪ್ಯಾಕಿಂಗ್. ಅಲ್ಲಿ ಟೈಮಿಂಗ್ ಚೈನ್ (ಇಂಜಿನ್ ಒಳಗೆ ವಾಲ್ವುಗಳನ್ನು ನಡೆಸುವ ಚೈನ್) ತೆಗೆಯಬೇಕು, ಗುರುತು ಒಂದು ಹಲ್ಲು ತಪ್ಪಿದರೂ ಗಾಡಿ ಸರಿಯಾಗಿ ಓಡುವುದಿಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಬ್ರೀದರಿನಿಂದ ಜೋರಾಗಿ ಎಣ್ಣೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಅದು ಹಾಫ್ ಇಂಜಿನ್ ಕೆಲಸ, ಅಂದರೆ ಇಂಜಿನ್ನಿನ ಮೇಲಿನ ಅರ್ಧ ಬಿಚ್ಚಬೇಕು. ಕೇಸ್ ಬಿರುಕು ಬಿಟ್ಟಿದ್ದರೂ ಅಷ್ಟೇ. ಒಳ್ಳೆಯ ಮೆಕ್ಯಾನಿಕ್ ಹತ್ತಿರ ಹೋಗಿ. ಆದರೆ ತೊಳೆದು, ಪೌಡರ್ ಹಾಕಿ, ಜಾಗ ಗುರುತು ಮಾಡಿಕೊಂಡು ಹೋಗಿ. "ಇಲ್ಲಿಂದ ಬರುತ್ತಿದೆ ಅಣ್ಣ" ಅಂತ ಫೋಟೋ ತೋರಿಸಿದರೆ ಮಾತುಕತೆಯೇ ಬೇರೆ ಥರ ಇರುತ್ತದೆ.

ಬೋಲ್ಟಿನ ಥ್ರೆಡ್ ಹೋಯಿತು. ಈಗ?

ನಿಲ್ಲಿಸಿ. ಇನ್ನಷ್ಟು ತಿರುವಬೇಡಿ. ನನ್ನ ಗಾಡಿಗೂ ಇದು ಆಗಿತ್ತು. ಒಂದು ಕಡೆ ಆಯಿಲ್ ಬದಲಿಸಿದವರು ಡ್ರೈನ್ ನಟ್ಟನ್ನು ವಿಪರೀತ ಬಿಗಿ ಮಾಡಿದ್ದರು, ಮುಂದಿನ ಸಲ ಬಿಚ್ಚಿದಾಗ ಥ್ರೆಡ್ಡೇ ಸುರುಳಿಯಾಗಿ ಹೊರಗೆ ಬಂತು. ಲೇತ್ ಅಂಗಡಿಯಲ್ಲಿ ಹೊಸ ಥ್ರೆಡ್ ಹೊಡೆದು ಒಂದು ಅಳತೆ ದೊಡ್ಡ ಬೋಲ್ಟ್ ಹಾಕುತ್ತಾರೆ, ಇಲ್ಲವೇ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಕೂರಿಸುತ್ತಾರೆ. ಅಳತೆ ಬದಲಾಗದ ಕಾರಣ ನಾನು ಹೆಲಿಕಾಯಿಲ್ ಹಾಕಿಸಿದೆ. ಥ್ರೆಡ್ ಹೊಡೆದ ಲೋಹದ ಪುಡಿ ಒಳಗೆ ಉಳಿಯದಂತೆ ಸ್ವಲ್ಪ ಆಯಿಲ್ ಸುರಿದು ಹೊರಗೆ ಹರಿಸಿ.

ತೆಗೆದ ಹಳೇ ಆಯಿಲ್ ಏನು ಮಾಡಲಿ?

ಚರಂಡಿಗೆ, ತಿಪ್ಪೆಗೆ, ತೋಟದ ಮೂಲೆಗೆ ಸುರಿಯಬೇಡಿ. ಇದನ್ನು ನಾನು ಕೈ ಮುಗಿದು ಕೇಳುತ್ತೇನೆ. ನಾವು ಬೋರ್‌ವೆಲ್ ನೀರು ಕುಡಿಯುವವರು. ಎಷ್ಟು ಅಡಿ ಕೊರೆದರೆ ನೀರು ಸಿಗುತ್ತದೆ ಅಂತ ಪ್ರತಿ ಮನೆಗೂ ಗೊತ್ತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲೂ ಬಳಸಿದ ಎಣ್ಣೆ ಸೇರಿದೆ. ಬಿಗಿ ಮುಚ್ಚಳದ ಹಳೇ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಸೇರಿಸಿ ಮರುಬಳಕೆಗೆ ಕೊಡುವ ಸರ್ವಿಸ್ ಸೆಂಟರಿಗೆ ಮುಟ್ಟಿಸಿ. ಕೊಡುವ ಮೊದಲು, ಅವರು ಅದನ್ನು ಯಾರಿಗೆ ಕೊಡುತ್ತಾರೆ ಅಂತ ಕೇಳಿ. ಎಣ್ಣೆ ಹತ್ತಿದ ಕೈ ಸೋಪಿನಲ್ಲಿ ತೊಳೆಯಿರಿ, ಬಳಸಿದ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ.

ಕೆಲಸ ಮುಗಿಯಿತು. ಸರಿಯಾಗಿದೆ ಅಂತ ಹೇಗೆ ನಂಬಲಿ? ಮತ್ತೆ ಸೋರಿದರೆ?

ಆಯಿಲ್ ಹಾಕಿ, ಲೆವೆಲ್ ನೋಡಿ, ಐದು ನಿಮಿಷ ನಿಂತಲ್ಲೇ ಓಡಿಸಿ. ಒಣಗಿದ್ದರೆ ಹತ್ತಿರದಲ್ಲೇ ಒಂದು ಸುತ್ತು. ನಾನು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತೇನೆ. ಇಡ್ಲಿ ತಿನ್ನುವಷ್ಟರಲ್ಲಿ ಬಿಸಿ ಇಂಜಿನ್ ಕೆಳಗೆ ಹನಿ ಬೀಳುವುದಾದರೆ ಬಿದ್ದಿರುತ್ತದೆ. ಅಲ್ಲೂ ಒಣಗಿದ್ದರೆ ಮುಂದಿನ ಭಾನುವಾರ ದೇವರಾಯನದುರ್ಗದ ಏರು ಹತ್ತಿಸಿ. ಇಂಜಿನ್ ಚೆನ್ನಾಗಿ ಕಾಯುವುದು ಅಲ್ಲೇ. ಒಂದು ವಾರ ರಾತ್ರಿ ಪೇಪರ್ ಹಾಸುವುದು ಬಿಡಬೇಡಿ.

ಮತ್ತೆ ಒದ್ದೆಯಾದರೆ ಬೋಲ್ಟ್ ಬಿಗಿ ಮಾಡಲು ಓಡಬೇಡಿ. ತೊಳೆದು, ಪೌಡರ್ ಹಾಕಿ, ಅದೇ ಜಾಗವೋ ಬೇರೆಯದೋ ಮೊದಲು ನೋಡಿ. ಅದೇ ಜಾಗವಾದರೆ ಕವರನ್ನು ದಪ್ಪ ಗಾಜಿನ ಮೇಲೆ ಬೋರಲು ಇಟ್ಟು ಅಲುಗಿಸಿ. ಟಕಟಕ ಅಂದರೆ ಅದರ ಮುಖ ಬಾಗಿದೆ, ಕವರ್ ಬದಲಿಸಬೇಕು. ಅಪ್ಪನ ಗಾಡಿಯಲ್ಲಿ ಸೀಲ್ ಹಾಕಿದ ಮೂರನೇ ದಿನ ಮತ್ತೆ ಎಡಗಡೆ ಒಂದು ಹನಿ ಬಿದ್ದಿತ್ತು. ಪೌಡರ್ ಹಾಕಿ ನೋಡಿದರೆ ಸೀಲ್ ಒಣಗಿಯೇ ಇತ್ತು. ಹನಿ ಬಂದದ್ದು ಹಿಂದಿನ ದಿನ ಅಪ್ಪ ಚೈನಿಗೆ ಹಾಕಿದ ಆಯಿಲಿನಿಂದ.